ತಿಕ್ಕುವುದನ್ನು ಬಿಟ್ಟ ಉಸ್ತಾದರು

ನಮ್ಮ ಉಸ್ತಾದರ ಕಿವಿಗಳು ಕಿವಿಯ ಹಾಗೆ ಇರಲಿಲ್ಲ. ಯಾರೋ ಗೋಧಿಹಿಟ್ಟಿನ ಎರಡು ಉಂಡೆಗಳನ್ನು ಹಿಸುಕಿ ತಲೆಯ ಎರಡೂ ಪಕ್ಕಕ್ಕೆ ಅಂಟಿಸಿ ಒಣಗಲು ಬಿಟ್ಟ ಹಾಗಿದ್ದವು. ಒಳಗಿನ ಮಡಿಕೆಗಳೆಲ್ಲ ಮುಚ್ಚಿಹೋಗಿದ್ದವು. ಗರಡಿಗೆ ಹೊಸದಾಗಿ ಸೇರಿದವರು ಅದನ್ನೇ ನೋಡುತ್ತ ನಿಂತರೆ ಅವರು ಬೈಯುತ್ತಿರಲಿಲ್ಲ. ಹತ್ತಿರ ಕರೆದು, "ಮುಟ್ಟಿ ನೋಡ್ಲೇ" ಎನ್ನುತ್ತಿದ್ದರು. ಮುಟ್ಟಿದರೆ ಕಲ್ಲಿನಷ್ಟು ಗಟ್ಟಿ.

"ಇದು ಹುಟ್ಟಿದಾಗಿನದಲ್ಲ. ಕುಸ್ತಿಯಾಗ ಉಜ್ಜಿ ಉಜ್ಜಿ ಒಳಗ ರಕ್ತ ಕಟ್ತು. ನಮ್ಮ ಉಸ್ತಾದ ಇನ್ನಷ್ಟು ಎಣ್ಣೆ ಹಾಕಿ ತಿಕ್ಕಿದ. ಹಂಗೇ ಗಟ್ಟಿ ಆತು. ಅವತ್ತೇ ಡಾಕ್ಟ್ರ ಹತ್ರ ಹೋಗಿದ್ರೆ ನಾನೂ ಚೆಂದ ಕಾಣ್ತಿದ್ದೆ."

ಗರಡಿಗೆ ಅಂಟಿಕೊಂಡೇ ಅವರ ಮನೆ. ನಾವೆಲ್ಲ ದೊಡ್ಡವ್ವ ಎಂದು ಕರೆಯುತ್ತಿದ್ದ ಅವರ ಹೆಂಡತಿ ಗೋಡೆಯ ಆಚೆಯಿಂದಲೇ, "ಕಿವಿ ನೆಟ್ಟಗಿದ್ರೂ ಮುಖ ಅದೇ ಇರ್ತಿತ್ತಲ್ಲ" ಎನ್ನುತ್ತಿದ್ದಳು. ಉಸ್ತಾದರು ಕೇಳಿಸದವರಂತೆ ಇರುತ್ತಿದ್ದರು. ಅಂಥ ಮಾತಿಗೆ ಮಾತ್ರ ಅವರಿಗೆ ಕಿವಿ ಮಂದ.

ದಾವಣಗೆರೆಯ ಹಳೇ ಪೇಟೆಯ ಒಂದು ಓಣಿಯಲ್ಲಿದ್ದ ಆ ಗರಡಿಗೆ ನಾನು ಶಾಮನೂರಿನಿಂದ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಹದಿನಾಲ್ಕು ವರ್ಷಕ್ಕೆ ಸೇರಿದೆ. ಬೆಳಿಗ್ಗೆ ಸಾಮು ಮುಗಿಸಿ ನಾವು ಮೈಮೇಲಿನ ಕೆಮ್ಮಣ್ಣು ತೊಳೆಯುವ ಹೊತ್ತಿಗೆ ಹೊರಗಿನ ಕಟ್ಟೆಯ ಮೇಲೆ ಏಳೆಂಟು ಜನ ಕುಳಿತಿರುತ್ತಿದ್ದರು. ಕಾಲು ಉಳುಕಿದವರು, ಭುಜ ಜಾರಿದವರು, ಸೊಂಟ ಹಿಡಿದವರು. ಹರಿಹರದಿಂದ, ಹರಪನಹಳ್ಳಿಯಿಂದ ಬಸ್ಸು ಹತ್ತಿ ಬಂದವರೂ ಇರುತ್ತಿದ್ದರು. ಉಸ್ತಾದರು ಹಿತ್ತಾಳೆಯ ಬಟ್ಟಲಲ್ಲಿ ಎಳ್ಳೆಣ್ಣೆ ಕಾಯಿಸಿ, ಕರ್ಪೂರ ಪುಡಿ ಮಾಡಿ ಹಾಕಿ, ತಿಕ್ಕಲು ಶುರು ಮಾಡುತ್ತಿದ್ದರು. ಊರಲ್ಲಿ ಅವರ ಹೆಸರು ಇದ್ದದ್ದು ಕುಸ್ತಿಗಲ್ಲ, ಆ ಕೈಗೆ. ನಮ್ಮ ಕಡೆ ಈಗಲೂ ಹಾಗೇ. ಎಲ್ಲಿ ಪೆಟ್ಟು ಬಿದ್ದರೂ ಮೊದಲು ಎಣ್ಣೆ, ಆಮೇಲೆ ಉಪ್ಪಿನ ಶಾಖ, ಅದೂ ಆಗದಿದ್ದರೆ ಡಾಕ್ಟರು.

ಇನ್ನು ನನ್ನ ಕೈಯ ವಿಷಯ ಹೇಳಬೇಕು. ಅದನ್ನು ಬಿಟ್ಟರೆ ಅವರ ಬಗ್ಗೆ ಹೇಳಿದಂತಾಗುವುದಿಲ್ಲ.

ಹದಿನಾರನೇ ವಯಸ್ಸಿನಲ್ಲಿ ಅಭ್ಯಾಸ ಮಾಡುವಾಗ ಎಡಗೈ ಊರಿ ಬಿದ್ದೆ. ಮೊಣಕೈ ಕೀಲು ಜಾರಿತು, ಎಲುಬೂ ಸ್ವಲ್ಪ ಸೀಳಿತು. ಆವತ್ತು ಉಸ್ತಾದರು ಊರಲ್ಲಿ ಇರಲಿಲ್ಲ. ಅವ್ವ ನನ್ನನ್ನು ಪಿ.ಜೆ. ಬಡಾವಣೆಯ ಒಬ್ಬ ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಕೀಲು ಕೂರಿಸಿ, ಮೂರು ವಾರ ಪ್ಲಾಸ್ಟರ್ ಹಾಕಿದರು. ಬಿಚ್ಚಿದಾಗ ಮೊಣಕೈ ಬಿಗಿದುಕೊಂಡಿತ್ತು. "ಹೀಗೇ ಇರುತ್ತೆ, ಹೆದರಬೇಡ. ನಿನ್ನಷ್ಟಕ್ಕೆ ನೀನೇ ನಿಧಾನ ಮಡಚು, ಚಾಚು. ಯಾರ ಕೈಲೂ ತಿಕ್ಕಿಸಬೇಡ, ಎಳೆಸಬೇಡ" ಎಂದು ಡಾಕ್ಟರು ನನಗೆ ಎರಡು ಸಲ ಹೇಳಿದರು. ಅವ್ವ ಆಗ ಔಷಧಿ ಅಂಗಡಿಯಲ್ಲಿ ನಿಂತಿದ್ದಳು.

ಹರಿಹರದಲ್ಲಿ ಕುಸ್ತಿಗೆ ಇನ್ನು ಆರು ವಾರ ಇತ್ತು. ನನ್ನ ಮೊದಲ ಜೋಡಿ, ಅಂದರೆ ಮೊದಲ ಪಂದ್ಯ, ಕಟ್ಟಿದ್ದು ಅಲ್ಲಿ. ನಿಧಾನ ಎಂಬ ಮಾತು ನನಗೆ ಬೇಕಿರಲಿಲ್ಲ. ಮರುದಿನ ಗರಡಿಗೆ ಹೋಗಿ ಉಸ್ತಾದರ ಮುಂದೆ ಕೈ ಚಾಚಿ, "ಡಾಕ್ಟ್ರು ತಿಕ್ಕಿಸ್ಕೊ ಅಂದಾರ್ರಿ" ಎಂದೆ.

"ಡಾಕ್ಟ್ರೇ ಅಂದ್ರಾ?"

"ಹೂಂ ರೀ. ಚಲೋ ತಿಕ್ಕೋರು ಇದ್ರೆ ತಿಕ್ಕಿಸ್ಕೊ ಅಂದ್ರು."

ಅವರ ಮುಖ ಅರಳಿದ್ದು ಇನ್ನೂ ನನ್ನ ಕಣ್ಣ ಮುಂದಿದೆ. ಎಕ್ಸ್‌ರೇ ನೋಡುವ ಡಾಕ್ಟರೇ ತನ್ನ ಕೈಗೆ ಕಳಿಸಿದ್ದಾರೆ ಎಂಬ ಖುಷಿ. ಹದಿನೈದು ದಿನ ಬೆಳಿಗ್ಗೆ ಬೆಳಿಗ್ಗೆ ಬಿಸಿ ಎಣ್ಣೆ ಹಾಕಿ ತಿಕ್ಕಿದರು, ಜಗ್ಗಿದರು. ನಾನು ಟವೆಲ್ ಕಚ್ಚಿಕೊಂಡು ಕೂರುತ್ತಿದ್ದೆ. ಮೊದಲು ಸ್ವಲ್ಪ ಸಡಿಲಾದಂತೆ ಅನಿಸಿತು. ಆಮೇಲೆ ಮೊಣಕೈ ಬಿಸಿಯಾಗಿ ಊದಿತು. ಕೊನೆಗೆ ತುಕ್ಕು ಹಿಡಿದ ಚಿಲಕದಂತೆ ಅರ್ಧಕ್ಕೆ ನಿಂತುಬಿಟ್ಟಿತು.

ಅವ್ವ ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಯಾರಮ್ಮ ತಿಕ್ಕಿದ್ದು? ತಿಕ್ಕಿಸಬೇಡ ಅಂತ ಹೇಳಿ ಕಳಿಸಿದ್ದೆನಲ್ಲ?" ಎಂದರು. ನೊಂದ ಮಾಂಸವನ್ನು ತಿಕ್ಕಿ ಎಳೆದರೆ ಅದರೊಳಗೇ ಎಲುಬು ಬೆಳೆಯುತ್ತದಂತೆ. ಮೊಣಕೈಯಲ್ಲಿ ಅದು ಹೆಚ್ಚಂತೆ. ಎಕ್ಸ್‌ರೇಯಲ್ಲಿ ಎಲುಬಿನ ಮುಂದೆ ಒಂದು ಸಣ್ಣ ಮೋಡದಂತೆ ಬಿಳಿ ಕಾಣುತ್ತಿತ್ತು. ಕೈ ಪೂರ್ತಿ ನೆಟ್ಟಗಾಗುವುದು ಕಷ್ಟ, ಕುಸ್ತಿ ಬಿಡಬೇಕು ಎಂದರು.

ಅವ್ವ ಅಲ್ಲಿಂದ ನೇರ ಗರಡಿಗೆ ನಡೆದಳು. ಹೆಂಗಸರು ಒಳಗೆ ಕಾಲಿಡುವ ರೂಢಿ ಇಲ್ಲ. ಬಾಗಿಲಲ್ಲೇ ನಿಂತು ಕೂಗಿದಳು. ಹತ್ತು ಹನ್ನೆರಡು ಜನ ಪೈಲ್ವಾನರು ಬೈಠಕ್ ಹೊಡೆಯುವುದನ್ನು ನಿಲ್ಲಿಸಿದರು.

"ಏನ್ರಿ ಉಸ್ತಾದ್ರೆ, ಎಣ್ಣೆ ಮುಟ್ಟಿಸಬ್ಯಾಡ ಅಂತ ಡಾಕ್ಟ್ರು ಹೇಳಿ ಕಳಿಸಿದ್ರೆ ನೀವು ಹದಿನೈದು ದಿನ ಇವನ ಕೈ ಜಗ್ಗೀರಲ್ಲ. ಮಾಂಸದಾಗ ಎಲುಬು ಬೆಳದೈತಂತೆ. ಇನ್ನ ನೆಟ್ಟಗಾಗಲ್ಲಂತೆ. ನಿಮಗೆ ಒಂದು ಮಗು ಅಂತ ಇದ್ದಿದ್ರೆ ಗೊತ್ತಾಗ್ತಿತ್ತು."

ಅವರಿಗೆ ಮಕ್ಕಳಿರಲಿಲ್ಲ. ಗೋಡೆಯ ಆಚೆ ಪಾತ್ರೆ ತೊಳೆಯುವ ಸದ್ದು ನಿಂತಿತು.

ಉಸ್ತಾದರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಸುಳ್ಳು ಹೇಳಿದ್ದೆನೆಂದು ಅವರಿಗೆ ತಿಳಿದದ್ದು ಆ ಹೊತ್ತಿಗೆ. ಇವನೇ ಹೀಗೆ ಹೇಳಿದ ಎಂದು ಅವರು ಒಂದು ಮಾತು ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ತಲೆ ತಗ್ಗಿಸಿದೆ. ಅವರು ಅವ್ವನಿಗೆ ಕೈ ಮುಗಿದು, "ತಪ್ಪು ನಂದೈತೆ ತಾಯಿ. ಕೇಳಬೇಕಿತ್ತು. ಕೇಳಲಿಲ್ಲ" ಎಂದರು.

ಆವತ್ತಿನಿಂದ ಆ ಗರಡಿಯಲ್ಲಿ ಎಣ್ಣೆ ಕಾಯಲಿಲ್ಲ.

ಮರುದಿನ ಅವರು ಆ ಡಾಕ್ಟರ ಮುಂದೆ ಹೋಗಿ ನಿಂತ ಕಥೆಯನ್ನು ಎಷ್ಟೋ ವರ್ಷದ ಮೇಲೆ ಡಾಕ್ಟರೇ ನನಗೆ ಹೇಳಿದರು. ಉಸ್ತಾದರಿಗೆ ಆಗ ಅರವತ್ತರ ಹತ್ತಿರ. ಡಾಕ್ಟರಿಗೆ ನಲವತ್ತೂ ಆಗಿರಲಿಲ್ಲ. "ಒಬ್ಬ ಹುಡುಗನ ಕೈ ಕೆಡಿಸೀನಿ ಸರ್. ಹೆಂಗೆ ಕೆಡ್ತು ಅಂತ ತೋರಿಸ್ರಿ" ಎಂದರಂತೆ. ಡಾಕ್ಟರು ಮೊದಲು ಸಿಟ್ಟಿನಿಂದ ಬೈದರು. ಇವರು ಬೈಸಿಕೊಂಡು ಅಲ್ಲೇ ನಿಂತರು. ಕೊನೆಗೆ ಡಾಕ್ಟರು ಒಂದು ಸ್ಟೂಲ್ ತೋರಿಸಿ, "ಕೂಡ್ರಿ" ಎಂದರು. ಪ್ರತಿ ಗುರುವಾರ ಮಧ್ಯಾಹ್ನ ಆ ಸ್ಟೂಲಿನ ಮೇಲೆ ಕುಳಿತು ನೋಡುವುದು ಅವರ ರೂಢಿಯಾಯಿತು. ಬ್ಯಾಂಡೇಜ್ ಸುತ್ತುವುದು, ಜೋಳಿಗೆ ಕಟ್ಟಿ ಕೈ ತೂಗುಹಾಕುವುದು, ಮುರಿದ ಕಾಲಿಗೆ ರಟ್ಟು ಇಟ್ಟು ಅಲುಗಾಡದಂತೆ ಕಟ್ಟುವುದು ಎಲ್ಲ ಕಲಿತರು.

ನನ್ನಿಂದ ಅವರು ಕೇಳಿದ್ದು ಒಂದನ್ನೇ, ಆ ಎಕ್ಸ್‌ರೇ. ಅವ್ವನಿಗೆ ತಿಳಿಯದಂತೆ ತಂದುಕೊಟ್ಟೆ. ಅದನ್ನು ಗರಡಿಯ ಕಿಟಕಿಗೆ, ಹನುಮಪ್ಪನ ಪಟದ ಪಕ್ಕದಲ್ಲಿ ಅಂಟಿಸಿದರು. ಬಿಸಿಲು ಬಂದಾಗ ನನ್ನ ಮೊಣಕೈ ಎಲುಬು ಸ್ಪಷ್ಟವಾಗಿ ಕಾಣುತ್ತಿತ್ತು. ಹೊಸಬರು, "ಇದು ಯಾರದು ಉಸ್ತಾದ್ರೆ?" ಎಂದು ಕೇಳಿದರೆ, "ನಂದು" ಎನ್ನುತ್ತಿದ್ದರು.

ನಾನು ಗರಡಿ ಬಿಟ್ಟು ಮನೆಯಲ್ಲಿ ಕೂತಿದ್ದೆ. ಯಾರದೋ ಕೈಲಿ ಹೇಳಿ ಕಳಿಸಿದರು. ಹೋದರೆ, "ಆಡಾಕ ಬ್ಯಾಡ. ನೋಡಾಕ ಬಾ" ಎಂದರು. ಬೈಯಲಿಲ್ಲ. ಆ ಮಾತು ಎತ್ತಲೇ ಇಲ್ಲ. ಬದಲಿಗೆ ನನ್ನ ಬಲಗೈ ಹಿಡಿದು ಚಾಚಿ ನೋಡಿದರು, ಆಮೇಲೆ ಎಡಗೈ. ನೋವಿಲ್ಲದ್ದನ್ನು ಮೊದಲು ನೋಡು ಎಂಬುದು ಅವರು ಡಾಕ್ಟರಿಂದ ಕಲಿತ ಮೊದಲ ಪಾಠ. "ಸರಿ ಇರೋ ಕಾಲು ಹೆಂಗೈತೆ ಅಂತ ಗೊತ್ತಿಲ್ದೆ ಕೆಟ್ಟ ಕಾಲು ಎಷ್ಟು ಕೆಟ್ಟೈತೆ ಅಂತ ಹೆಂಗೆ ಹೇಳ್ತೀಯ?" ಎನ್ನುವರು. ಅಂದಿನಿಂದ ನಾವು ಯಾವಾಗ ಭೇಟಿಯಾದರೂ, ರಸ್ತೆಯಲ್ಲಾದರೂ ಸರಿ, ಮೊದಲು ಬಲಗೈ, ಆಮೇಲೆ ಎಡಗೈ. ಚಾಚಿಸಿ ನೋಡಿ, "ಒಂದು ಬೆರಳಷ್ಟು ಮುಂದಕ್ಕೆ ಬಂದೈತೆ" ಎಂದೋ, "ಅಷ್ಟೇ ಐತೆ" ಎಂದೋ ಹೇಳಿ ಬಿಡುತ್ತಿದ್ದರು.

ತಿಕ್ಕುವುದನ್ನು ಬಿಟ್ಟ ಮೇಲೆ ಕಟ್ಟೆಯ ಮೇಲಿನ ಜನ ಕಡಿಮೆಯಾದರು. ಪೈಲ್ವಾನರೂ ಒಬ್ಬೊಬ್ಬರಾಗಿ ಬೇರೆ ಗರಡಿಗೆ ಹೋದರು. ಹಮಾಲಿ ಕೆಲಸದ ಒಬ್ಬರು ಪಾದ ಊದಿಸಿಕೊಂಡು ಬಂದು ಸಿಟ್ಟಿನಿಂದ, "ತಿಕ್ಕೋದಿಲ್ಲ ಅಂದ್ಮ್ಯಾಲೆ ಉಸ್ತಾದ ಯಾಕ್ರಿ ಬೇಕು?" ಎಂದದ್ದು ನೆನಪಿದೆ.

"ತಿಕ್ಕಾಕ ಊರು ತುಂಬ ಜನ ಅದಾರೆ. ಬ್ಯಾಡ ಅನ್ನಾಕ ಒಬ್ಬನಾದ್ರೂ ಇರಬೇಕಲ್ಲ. ಎಲ್ಲಿ ನೋವು? ತೋರಿಸ್ರಿ."

ಹೇಗೆ ತೋರಿಸುತ್ತಾರೆ ಎಂಬುದನ್ನೇ ಅವರು ನೋಡುತ್ತಿದ್ದುದು. ಒಂದು ಬೆರಳಿಟ್ಟು ಎಲುಬಿನ ಮೇಲೆ ಇಲ್ಲೇ ಎಂದರೆ ಎಕ್ಸ್‌ರೇಗೆ ಕಳಿಸುವರು. ಅಂಗೈ ಆಡಿಸಿ ಇಲ್ಲೆಲ್ಲಾ ಎಂದರೆ ಸ್ವಲ್ಪ ಸಮಾಧಾನ. ನಾಲ್ಕು ಹೆಜ್ಜೆ ಹಾಕಲು ಆಗದಿದ್ದರೆ ಮತ್ತೆ ಎಕ್ಸ್‌ರೇ. ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ನಕ್ಕು, "ಎಲ್ಲಾ ಸಲ ಹಂಗೇ ಆಗಲ್ಲ ಉಸ್ತಾದ್ರೆ, ಅನುಮಾನ ಬಂದ್ರೆ ಕಳಿಸಿಬಿಡಿ" ಎಂದರಂತೆ. ಆಮೇಲೆ ಅನುಮಾನ ಇಲ್ಲದವರನ್ನೂ ಕಳಿಸುತ್ತಿದ್ದರು.

ಹಮಾಲಿಯ ಪಾದಕ್ಕೆ ಸೋಡಾ ಅಂಗಡಿಯಿಂದ ಐಸ್ ತರಿಸಿ, ಒದ್ದೆ ಟವೆಲಿನಲ್ಲಿ ಸುತ್ತಿ ಇಟ್ಟರು. ಬರೀ ಐಸ್ ಚರ್ಮಕ್ಕೆ ತಾಗಬಾರದು, ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಕಾಲು ಗಂಟೆಯಾದ ಮೇಲೆ ತೆಗೆದು, ಪಟ್ಟಿ ಸುತ್ತಿ, ಕಾಲನ್ನು ಜೋಳದ ಚೀಲದ ಮೇಲೆ ಎತ್ತರಕ್ಕೆ ಇಡಿಸಿದರು. ಪಟ್ಟಿ ಸುತ್ತಿದ ಮೇಲೆ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ಬಿಳಿಯಾದದ್ದು ಕೂಡಲೇ ಕೆಂಪಾಗುತ್ತದೆಯೇ ಎಂದು ನೋಡುವುದನ್ನು ಅವರು ಒಮ್ಮೆಯೂ ಮರೆತವರಲ್ಲ. ಆಗದಿದ್ದರೆ ಪಟ್ಟಿ ಬಿಗಿಯಾಗಿದೆ ಎಂದರ್ಥ. "ಕಟ್ಟಿದವನ ಖುಷಿಗೆ ಕಟ್ಟಬಾರದು" ಎನ್ನುವರು.

ಎಲ್ಲರಿಗೂ ಬೇಕಾದದ್ದು ಎಷ್ಟು ದಿನ ಎಂಬ ಲೆಕ್ಕ. ಮುಂದಿನ ವಾರ ಕುಸ್ತಿ ಇದೆ, ಲೋಡ್ ಇಳಿಸಬೇಕು, ಮದುವೆಗೆ ಹೋಗಬೇಕು. ಉಸ್ತಾದರು ಎದುರು ಮನೆಯ ಕಡೆ ಕೈ ತೋರಿಸುತ್ತಿದ್ದರು. ಅಲ್ಲಿ ಆಗ ಮಹಡಿ ಕಟ್ಟುತ್ತಿದ್ದರು. "ಮೋಲ್ಡಿಂಗ್ ಹಾಕಿದ ಮೂರನೇ ದಿನ ಮ್ಯಾಲೆ ಗಟ್ಟಿ ಕಾಣ್ತೈತೆ. ಸೆಂಟ್ರಿಂಗ್ ತೆಗೀತೀಯೇನು? ತೆಗದ್ರೆ ಯಾರ ತಲಿ ಮ್ಯಾಲೆ ಬೀಳ್ತೈತೆ? ನೋವು ಹೋತು ಅಂದ್ರೆ ವಾಸಿ ಆತು ಅಂತಲ್ಲ." ಹೀಗೆ ಹೇಳುವಾಗ ನನ್ನ ಕಡೆ ಎಂದೂ ನೋಡುತ್ತಿರಲಿಲ್ಲ. ನೋಡದೆ ಇರುವುದೇ ನನಗೆ ತಿಳಿಯುತ್ತಿತ್ತು.

ನಾನು ಐ.ಟಿ.ಐ. ಮುಗಿಸಿ, ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಗೆ ಸೇರಿದ ಮೇಲೆ ಹರಿಹರದಲ್ಲಿ ನಡೆದದ್ದು ಇದು. ನದಿ ಪಕ್ಕದ ಬಯಲಿನಲ್ಲಿ ಕುಸ್ತಿ ಇತ್ತು. ಉಸ್ತಾದರ ಜೊತೆ ನಾನೂ ಹೋಗಿದ್ದೆ. ಎದುರಾಳಿ ಎತ್ತಿ ಒಗೆದ ಹೊಡೆತಕ್ಕೆ ಬೇರೆ ಊರಿನ ಒಬ್ಬ ಯುವಕ ತಲೆ ಕೆಳಗಾಗಿ ಬಿದ್ದ. ಎಚ್ಚರ ಇತ್ತು, ಏಳಲಿಲ್ಲ. ಜನ ಒಳಗೆ ನುಗ್ಗಿದರು. ಒಬ್ಬ ಕೊಡದ ನೀರು ತಂದ, ಇಬ್ಬರು ಕಂಕುಳಿಗೆ ಕೈ ಹಾಕಿ ಕೂರಿಸಲು ಹೊರಟರು. ಆತನ ತಂದೆ, "ಏಳೋ, ಏಳೋ" ಎನ್ನುತ್ತ ಕೈ ಜಗ್ಗುತ್ತಿದ್ದರು.

ಉಸ್ತಾದರು ಹೇಗೆ ಅಷ್ಟು ಬೇಗ ಅಲ್ಲಿಗೆ ಹೋದರೋ ತಿಳಿಯದು. ಆ ಯುವಕನ ತಲೆಯ ಹಿಂದೆ ಮೊಣಕಾಲೂರಿ, ಎರಡೂ ಮೊಣಕೈ ಮಣ್ಣಿಗೆ ಊರಿ, ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದುಬಿಟ್ಟರು. "ಯಾರೂ ಮುಟ್ಟಬ್ಯಾಡ್ರಿ. ನೀರು ಬ್ಯಾಡ. ತಮ್ಮಾ, ತಲಿ ಆಡಿಸಬ್ಯಾಡ. ಹೂಂ ಅನ್ನಾಕೂ ಆಡಿಸಬ್ಯಾಡ, ಬಾಯಾಗ ಹೇಳು. ಬೆರಳು ಜುಂ ಅಂತಾವೇನು?"

"ಹೂಂ. ಎರಡೂ ಕೈ" ಎಂದ ಆತ.

ಉಸ್ತಾದರು ನನ್ನ ಕಡೆ ತಿರುಗದೆಯೇ, "ನೂರಾ ಎಂಟಕ್ಕೆ ಫೋನ್ ಮಾಡೋ. ಕುತ್ತಿಗಿ ಅಂತ ಹೇಳು" ಎಂದರು.

ಆ್ಯಂಬುಲೆನ್ಸ್ ಬರುವ ತನಕ ಅವರು ಅಲುಗಲಿಲ್ಲ. ಬಿಸಿಲು ನೆತ್ತಿಯ ಮೇಲಿತ್ತು. "ಮುದುಕಗ ಹುಚ್ಚು" ಎಂದು ಯಾರೋ ನಕ್ಕರು. ಕುಸ್ತಿ ನಡೆಸುವವರೊಬ್ಬರು ಬಂದು, "ಬದಿಗೆ ಮಲಗಿಸ್ರಿ ಉಸ್ತಾದ್ರೆ, ಮುಂದಿನ ಜೋಡಿ ಕಾಯ್ತೈತೆ" ಎಂದರು. "ಜೋಡಿ ನಾಳೆನೂ ಸಿಗ್ತೈತೆ. ಈ ಕುತ್ತಿಗಿ ಇನ್ನೊಂದು ಸಿಗಲ್ಲ" ಎಂದರು ಇವರು. ತಂದೆಯಾದವರು ಮಗನನ್ನು ಬಿಡಿಸಿಕೊಳ್ಳಲು ಇವರ ಭುಜ ಹಿಡಿದು ನೂಕಿದರು. ಆಗ ಮಾತ್ರ ಉಸ್ತಾದರ ದನಿ ಇಳಿಯಿತು. "ನಾನು ಒಬ್ಬನ ಕೈ ಕೆಡಿಸೀನಪ್ಪ. ಅದಕ್ಕೇ ಹೇಳಾಕ ಹತ್ತೀನಿ. ಮುಟ್ಟಬ್ಯಾಡ."

ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಆ್ಯಂಬುಲೆನ್ಸ್ ಬಂದ ಮೇಲೆ ಆರು ಜನ ಒಟ್ಟಿಗೆ, ಉಸ್ತಾದರು ಒಂದು, ಎರಡು, ಮೂರು ಎಂದಾಗ ಮರದ ದಿಮ್ಮಿ ಹೊರಳಿಸುವಂತೆ ಆ ಯುವಕನನ್ನು ಹಲಗೆಗೆ ಹೊರಳಿಸಿದೆವು. ಕುತ್ತಿಗೆಯ ಎಲುಬು ಸೀಳಿತ್ತು. ಕೂರಿಸಿದ್ದರೆ ಕೈಕಾಲು ಹೋಗುತ್ತಿದ್ದವು ಎಂದು ಆಸ್ಪತ್ರೆಯಲ್ಲಿ ಹೇಳಿದರಂತೆ. ಮೂರು ತಿಂಗಳ ಮೇಲೆ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು, ತಂದೆಯ ಜೊತೆ ನಡೆದುಕೊಂಡೇ ಗರಡಿಗೆ ಬಂದಿದ್ದ. ತಂದೆ ಕಾಲಿಗೆ ಬೀಳಲು ಬಗ್ಗಿದರು. ಉಸ್ತಾದರಿಗೆ ಮುಜುಗರವಾಗಿ, "ಬಗ್ಗಬ್ಯಾಡ್ರಿ, ಸೊಂಟ ಹಿಡದ್ರೆ ನಾನು ತಿಕ್ಕೋದಿಲ್ಲ" ಎಂದುಬಿಟ್ಟರು.

ನಮ್ಮ ಕಾರ್ಖಾನೆಯಲ್ಲಿ ಔಷಧಿ ಡಬ್ಬಿ ನನ್ನ ವಶದಲ್ಲಿದೆ. ಯಾರಿಗಾದರೂ ಪೆಟ್ಟಾದರೆ ನನ್ನನ್ನೇ ಕೂಗುತ್ತಾರೆ. ನಾನು ಹೋಗಿ ಮೊದಲು ಪೆಟ್ಟಾಗದ ಕಾಲು ನೋಡುತ್ತೇನೆ. "ಅದಲ್ಲಣ್ಣ, ಈ ಕಾಲು" ಎಂದು ನಗುತ್ತಾರೆ. ನಗಲಿ.

ಹೋದ ವರ್ಷ ಉಸ್ತಾದರು ಬಚ್ಚಲಲ್ಲಿ ಜಾರಿದರು. ಅಕ್ಕಪಕ್ಕದವರು ಎತ್ತಲು ಓಡಿ ಬಂದರೆ, ಬಿದ್ದಲ್ಲಿಂದಲೇ, "ಎತ್ತಬ್ಯಾಡ್ರಿ. ಎರಡೂ ಕಾಲು ನೋಡ್ರಿ. ಇದು ಗಿಡ್ಡ ಆಗೈತೆ, ಪಾದ ಹೊರಗ ಹೊರಳೈತೆ. ತೊಡಿ ಸಂದಿ ಎಲುಬು ಹೋಗೈತೆ" ಎಂದರಂತೆ. ಎಕ್ಸ್‌ರೇಯಲ್ಲಿ ಅದೇ ಬಂತು. ಆಪರೇಷನ್ ಆಯಿತು. ಆದರೆ ಮಲಗಿದಲ್ಲೇ ಎದೆಯಲ್ಲಿ ಕಫ ಕಟ್ಟಿ, ಉಸಿರು ಸೋತಿತು.

ಕೊನೆಯ ಸಲ ನೋಡಲು ಹೋದಾಗ ಹೇಳಿಯೇ ಬಿಡಬೇಕೆಂದು ಹೋಗಿದ್ದೆ. "ಉಸ್ತಾದ್ರೆ, ಅವತ್ತು ಡಾಕ್ಟ್ರು..." ಎಂದು ಶುರು ಮಾಡಿದೆ. ಅವರು ಕೈ ಬೀಸಿ ಹತ್ತಿರ ಕರೆದರು. ನನ್ನ ಬಲಗೈ ಹಿಡಿದು ಚಾಚಿದರು, ಆಮೇಲೆ ಎಡಗೈ. ಹಿಡಿತದಲ್ಲಿ ಬಲವೇ ಇರಲಿಲ್ಲ. "ಅಷ್ಟೇ ಐತೆ" ಎಂದರು. ಕೈ ಬಿಟ್ಟು, "ಹೋಗು, ಷಿಫ್ಟಿಗೆ ತಡ ಆಗ್ತೈತೆ" ಎಂದರು. ನಾನು ಹೊರಟು ಬಂದೆ. ನಾಲ್ಕನೇ ದಿನ ತೀರಿಕೊಂಡರು.

ಮಣ್ಣು ಮಾಡಿ ಮನೆಗೆ ಬಂದ ಮೇಲೆ ಅವ್ವನಿಗೆ ಎಲ್ಲ ಹೇಳಿದೆ. ಇಪ್ಪತ್ತು ವರ್ಷದ ಮೇಲಾಗಿತ್ತು. ಅವಳು ಅಷ್ಟು ವರ್ಷವೂ ಆ ಓಣಿಗೆ ಕಾಲಿಟ್ಟವಳಲ್ಲ. ದಾರಿಯಲ್ಲಿ ಉಸ್ತಾದರು ಎದುರಾಗಿ ಕೈ ಮುಗಿದರೂ ಮುಖ ತಿರುಗಿಸಿದವಳು. ನಾನು ಹೇಳುತ್ತಿರುವಾಗ ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಿದಳು.

"ನಾನು ಅವತ್ತು ಹತ್ತು ಜನದ ಮುಂದೆ ಅಂದೆ. ಆ ಹೆಣ್ಣುಮಗಳಿಗೆ ಕೇಳಿಸೋ ಹಂಗೆ ಮಕ್ಕಳ ಮಾತು ಬೇರೆ ಆಡಿದೆ. ನೀನು ಈಗ ನನ್ನ ಒಬ್ಬಳ ಮುಂದೆ ಹೇಳ್ತಿ. ಇದು ಯಾತಕ್ಕ ಬಂತು?" ಎಂದಳು. ಮತ್ತೆ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ತೀರಿಕೊಂಡವರ ಹೆಸರಲ್ಲಿ ಮಾಡುವ ಶಿವಗಣಾರಾಧನೆಯ ದಿನ ಹಳೆಯ ಪೈಲ್ವಾನರೆಲ್ಲ ಅವರ ಮನೆಯಲ್ಲಿ ಸೇರಿದ್ದರು. ಅವತ್ತು ಗರಡಿಯಲ್ಲಿ ಬೈಠಕ್ ನಿಲ್ಲಿಸಿ ನೋಡಿದವರಲ್ಲಿ ಏಳೆಂಟು ಜನ ಇನ್ನೂ ಇದ್ದರು. ಡಾಕ್ಟರೂ ಬಂದಿದ್ದರು. ಎರಡು ಮಾತು ಆಡುವವರು ಆಡಿರಿ ಎಂದಾಗ ನಾನು ಎದ್ದು ನಿಂತೆ. ನನಗೆ ಸಭೆಯಲ್ಲಿ ಮಾತಾಡಿ ರೂಢಿ ಇಲ್ಲ. "ನನ್ನ ಕೈ ಉಸ್ತಾದರು ಕೆಡಿಸಿದ್ದಲ್ಲ. ಡಾಕ್ಟರು ತಿಕ್ಕಬೇಡ ಅಂದಿದ್ದರು. ತಿಕ್ಕು ಅಂದಿದ್ದಾರೆ ಎಂದು ನಾನು ಸುಳ್ಳು ಹೇಳಿದೆ. ನಮ್ಮವ್ವ ಬೈದಾಗ ಅವರಿಗೆ ಅದು ಗೊತ್ತಾಯಿತು. ಅವರು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ." ಇಷ್ಟು ಹೇಳಿ ಕುಳಿತುಬಿಟ್ಟೆ.

ಡಾಕ್ಟರು ಕನ್ನಡಕ ತೆಗೆದು ಒರೆಸುತ್ತ ಕುಳಿತಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡವ್ವ ನನ್ನ ಹತ್ತಿರ ಬಂದಳು.

"ಸುಳ್ಳು ನೀನು ಹೇಳಿದಿ. ತಿಕ್ಕಿದ್ದು ಅವರೇ ಅಲ್ಲೇನು? 'ಒಂದು ಹೆಜ್ಜೆ ಹೋಗಿ ಡಾಕ್ಟ್ರನ್ನ ಕೇಳಿದ್ರೆ ಆಗ್ತಿತ್ತು, ನನ್ನ ಹೆಸರು ಕೇಳಿ ಕಳಿಸ್ಯಾರೆ ಅಂತ ಉಬ್ಬಿದೆ' ಅಂತ ಸಾಯೋ ತನಕ ಅಂತಿದ್ರು. ನಿನ್ನ ಸುಳ್ಳಿನ ಸುದ್ದಿ ನನ್ನ ಹತ್ರ ಒಂದು ದಿನಾನೂ ಎತ್ತಲಿಲ್ಲ."

ಆಮೇಲೆ ಅವಳೇ ಕೇಳಿದಳು:

"ನಿಮ್ಮವ್ವ ಹೆಂಗದಾಳೆ?"

"ಬಂದಾಳೆ ದೊಡ್ಡವ್ವ. ಓಣಿ ಬಾಯಾಗ ಕುಂತಾಳೆ. ಒಳಗ ಬರಾಕ ಮುಖ ಇಲ್ಲ ಅಂದ್ಲು."

ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಒಳಗೆ ಎಲೆ ಹಾಕುತ್ತಿದ್ದವರಿಗೆ, "ನನ್ನ ಪಕ್ಕದಾಗ ಇನ್ನೊಂದು ಎಲೆ ಹಾಕ್ರಿ" ಎಂದಳು. ಆಮೇಲೆ ನನಗೆ, "ಹೋಗಿ ಕರಕೊಂಡು ಬಾ. ಮೊಣಕಾಲು ನೋವಿದ್ರೆ ಆ ಮೆಟ್ಟಲ ಹತ್ರ ಕೈ ಹಿಡಿ" ಎಂದಳು.